ಏಳನೇ ನಂಬರಿನ ಪ್ಲೇಟು

ಅಕ್ಕೋರ ಬಲಗೈಯ ಬೆರಳುಗಳಿಗೆ ಗೆರೆಗಳೇ ಇರಲಿಲ್ಲ. ಹೆಬ್ಬೆರಳ ತುದಿಯಂತೂ ಹೊಳೆಯ ಕಲ್ಲಿನ ಹಾಗೆ ನುಣ್ಣಗೆ ಸವೆದು ಹೋಗಿತ್ತು. ಬ್ಯಾಂಕಿನಲ್ಲಾಗಲಿ, ರೇಷನ್ ಅಂಗಡಿಯಲ್ಲಾಗಲಿ, ಹೆಬ್ಬೆಟ್ಟು ಒತ್ತುವ ಯಂತ್ರ ಅವರನ್ನು ಒಂದು ದಿನವೂ ಗುರುತಿಸಲಿಲ್ಲ. "ಇನ್ನೊಂದ್ಸಲ ಒತ್ತಿ ಅಕ್ಕೋರೆ" ಎಂದು ಅಂಗಡಿಯವನು ನಾಲ್ಕು ಸಲ ಹೇಳಿದ ಮೇಲೆ ಅವರು ಬೆರಳನ್ನು ಅವನ ಮೂಗಿನ ಹತ್ತಿರ ಹಿಡಿದು, "ಮೂವತ್ತು ವರ್ಷ ಸೋಪು ತಿಂದ ಬೆರಳು ಮಾರಾಯಾ ಇದು. ಇದ್ರಲ್ಲಿ ಎಂತ ಹುಡುಕ್ತೆ ನೀನು?" ಎನ್ನುತ್ತಿದ್ದರು. ಆ ಬೆರಳುಗಳನ್ನು ನೆನೆದರೆ ನನಗೆ ಈಗಲೂ ಎದೆ ಧಸಕ್ಕೆನ್ನುತ್ತದೆ. ಯಾಕೆಂದು ಹೇಳುತ್ತೇನೆ, ಸ್ವಲ್ಪ ತಾಳಿ.

ಕುಮಟಾ ಪೇಟೆಯಲ್ಲಿ, ಒಂದು ಔಷಧಿ ಅಂಗಡಿಯ ಮಾಳಿಗೆಯ ಮೇಲೆ ನಮ್ಮ ಲ್ಯಾಬು. ರಕ್ತ, ಮೂತ್ರ, ಕಫ, ಮಲ ಎಲ್ಲವನ್ನೂ ಪರೀಕ್ಷಿಸುವ ಜಾಗ. ಲ್ಯಾಬಿನ ಯಜಮಾನರು ಒಬ್ಬ ಡಾಕ್ಟರು. ಆದರೆ ಒಳಗಿನ ಕೋಣೆಯ ಯಜಮಾನಿಕೆ ಅಕ್ಕೋರದ್ದೇ. ಮೊದಲು ಕಾಲೇಜಿನಲ್ಲಿ ಪ್ರಾಕ್ಟಿಕಲ್ ಕಲಿಸುತ್ತಿದ್ದರು. ನಮ್ಮ ಕಡೆ ಕಲಿಸುವ ಹೆಂಗಸರನ್ನೆಲ್ಲ ಅಕ್ಕೋರು ಎನ್ನುವುದು ರೂಢಿ. ಹಾಗಾಗಿ ಡಾಕ್ಟರಿಂದ ಹಿಡಿದು ಕಸ ಗುಡಿಸುವ ಹೆಂಗಸಿನವರೆಗೆ ಎಲ್ಲರಿಗೂ ಅವರು ಅಕ್ಕೋರೇ. ಮೀನು ಮುಟ್ಟದ ತೋಟದ ಮನೆಯಲ್ಲಿ ಹುಟ್ಟಿದವರು, ಮದುವೆಯಾಗಿರಲಿಲ್ಲ, ಕುಮಟಾದಲ್ಲೇ ಬಾಡಿಗೆ ಮನೆ ಮಾಡಿ ಒಬ್ಬರೇ ಇದ್ದರು.

ನಾನು ಹೊನ್ನಾವರದವಳು. ಅಪ್ಪ ಬೋಟಿಗೆ ಹೋಗುವವನು, ಆಯಿ ಮೀನು ಮಾರುವವಳು. ಬಿಎಸ್ಸಿ ಮುಗಿಸಿ, ಟೆಕ್ನಿಶಿಯನ್ ಕೋರ್ಸೂ ಮಾಡಿ, ದೊಡ್ಡ ವಿಜ್ಞಾನಿಯಾದ ಜಂಭದಲ್ಲಿ ಮೊದಲ ದಿನ ಲ್ಯಾಬಿಗೆ ಹೋದೆ. ಅಕ್ಕೋರು ನನ್ನನ್ನು ಮೇಲಿಂದ ಕೆಳಗೆ ನೋಡಿ ಒಂದು ಪ್ಲಾಸ್ಟಿಕ್ ಡಬ್ಬಿ ಕೈಗೆ ಕೊಟ್ಟರು.

"ಇದೆಂತಕ್ಕೆ ಅಕ್ಕೋರೆ?"

"ನಾಳೆ ಬೆಳಿಗ್ಗೆ ನಿಂದು ತಕಂಡು ಬಾ."

"ನಂದು ಎಂತದು?"

"ಮತ್ತೆಂತದು? ಇಲ್ಲಿ ಬಂದವ್ರೆಲ್ಲ ಎಂತ ತರ್ತ್ರು, ಅದೇ. ಊರವ್ರ ಹೊಲಸಿಗೆ ಮೂಗು ಮುಚ್ಕಣುವ ಮೊದ್ಲು ನಿಂದು ನೀನು ನೋಡ್ಬೇಕು. ಇಲ್ಲಿಯ ಪದ್ಧತಿ ಅದು. ಮೊದಲು ನಿನ್ನದು."

ತಮಾಷೆ ಮಾಡುತ್ತಾರೆ ಅಂದುಕೊಂಡೆ. ತಮಾಷೆಯಲ್ಲ! ಮನೆಗೆ ಹೋಗಿ ಹೇಳಿದರೆ ಆಯಿ ಮೀನು ಕೊಯ್ಯುವ ಕತ್ತಿ ಕೆಳಗಿಟ್ಟು ಕೂಗಾಡಿದಳು. "ಓದಿದ್ದು ಬಿಎಸ್ಸಿ, ಹೊರೂದು ಹೇಲಿನ ಡಬ್ಬಿಯನೇ? ಇದ್ಕಾಗಿ ನಾ ಬಿಸಿಲಲ್ಲಿ ಕೂತು ಬಂಗುಡೆ ಮಾರಿದ್ನಾ?" ಮರುದಿನ ಬಸ್ಸಿನಲ್ಲಿ ಆ ಡಬ್ಬಿಯನ್ನು ಮೂರು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಹೋದ ನಾಚಿಕೆಯನ್ನು ಈ ಜನ್ಮದಲ್ಲಿ ಮರೆಯಲಾರೆ. ಪಕ್ಕದಲ್ಲಿ ಕೂತವಳು "ಟಿಫಿನ್ನಾ?" ಎಂದು ಕೇಳಿದ್ದಳು.

ಅಕ್ಕೋರು ಅದರಿಂದ ಕಾಳಿನಷ್ಟು ತೆಗೆಸಿ, ಬೆಂಕಿಯಲ್ಲಿ ಕಾಯಿಸಿ ಆರಿಸಿದ ತಂತಿಯಿಂದ ಪ್ಲೇಟಿನ ಮೇಲೆ ಗೆರೆ ಎಳೆಯಲು ಕಲಿಸಿದರು. ಪ್ಲೇಟಿನಲ್ಲಿ ಬ್ಯಾಕ್ಟೀರಿಯಾ ಬೆಳೆಸುವ ಅಗರ್ ಹಾಲುಬಾಯಿಯ ಹಾಗೆ ಹೆಪ್ಪುಗಟ್ಟಿ ಕೂತಿತ್ತು. ಬಣ್ಣ ಮಾತ್ರ ಮುರುಗಲ ಹಣ್ಣಿನ ಶರಬತ್ತಿನದು. "ಅಗರ್ ಅಂದ್ರೆ ಸಮುದ್ರದ ಪಾಚಿ ತಂಗಿ. ನಿಮ್ಮ ಕಡೆಯ ಸಾಮಾನೇ. ನಂಗಿಂತ ನಿಂಗೇ ಹತ್ರ ಇದು" ಎಂದರು. ರಾತ್ರಿಯಿಡೀ ಇನ್‌ಕ್ಯುಬೇಟರಿನ ಬಿಸಿಯಲ್ಲಿ ಕೂತ ಪ್ಲೇಟನ್ನು ಮರುದಿನ ತೆರೆದಾಗ ನಾನು ಹೌಹಾರಿದೆ. ಗುಲಾಬಿ ಬಣ್ಣದ ಸಾವಿರ ಚುಕ್ಕಿ! ಅದೆಲ್ಲ ನನ್ನ ಹೊಟ್ಟೆಯಲ್ಲಿದ್ದದ್ದು! ಬಾಯಿಗೆ ಸೆರಗು ಒತ್ತಿಕೊಂಡು ನಿಂತವಳನ್ನು ನೋಡಿ ಅಕ್ಕೋರು ನಕ್ಕರು.

"ಹೆದರ್ಬೇಡ. ಇವೆಲ್ಲ ನಿನ್ನ ಮನೆಯವ್ರೇ. ಹುಟ್ಟಿದಾಗಿಂದ ನಿನ್ನ ಒಳಗೇ ಉಂಡು ಮಲಗಿದವ್ರು. ಮನೆಯವ್ರ ಗುರ್ತು ಇಲ್ದೇ ಇದ್ರೆ ಕಳ್ಳನ್ನ ಹೆಂಗೆ ಹಿಡಿತೆ?"

ಅವರ ಪಾಠವೆಲ್ಲ ಆ ಒಂದು ಮಾತಿನಲ್ಲೇ ಇತ್ತು. ಗುಲಾಬಿ ಬಣ್ಣಕ್ಕೆ ತಿರುಗಿದ್ದು ಇ-ಕೋಲೈ, ಎಲ್ಲರ ಕರುಳಿನಲ್ಲೂ ಇರುವ ಮನೆಯವನು. ಬಣ್ಣವೇ ಇಲ್ಲದೆ ನೀರಿನ ಹನಿಯಂತೆ ಕೂತದ್ದರ ಮೇಲೆ ಮಾತ್ರ ಸಂಶಯ. ಅದನ್ನು ಇನ್ನೊಂದು ಬಗೆಯ ಕೆಂಪು ಅಗರಿನ ಮೇಲೆ ಬೆಳೆಸಬೇಕು. ಅಲ್ಲಿ ಮನೆಯವರು ಹಳದಿ; ಕೆಂಪಾಗಿ, ನಡುವೆ ಕಪ್ಪು ಬೊಟ್ಟು ಬಂದರೆ ಟೈಫಾಯ್ಡಿನ ಸಂಶಯ ಗಟ್ಟಿ. ಆಮೇಲೂ ನಾಲ್ಕೈದು ಪರೀಕ್ಷೆ ಮಾಡಿಯೇ ಹೆಸರು ಹೇಳಬೇಕು. ಕಪ್ಪು ಬೊಟ್ಟಿನ ಆ ಕಾಲನಿಗಳನ್ನು, ಅಂದರೆ ಬ್ಯಾಕ್ಟೀರಿಯಾ ಗುಂಪುಕಟ್ಟಿ ಬೆಳೆದ ಚುಕ್ಕಿಗಳನ್ನು, ಮೊದಲ ಸಲ ತೋರಿಸಿದಾಗ ನಾನು "ಮೀನಿನ ಕಣ್ಣಿನ ಹಾಂಗೇ ಅದೆ ಅಕ್ಕೋರೆ" ಎಂದಿದ್ದೆ. ಅವರಿಗೆ ಎಷ್ಟು ಖುಷಿಯಾಯಿತೆಂದರೆ ಬಂದವರಿಗೆಲ್ಲ ಅದನ್ನೇ ಹೇಳಿದರು. "ನಮ್ಮ ಕೂಸು ಹೇಳ್ತು ನೋಡಿ, ಮೀನಿನ ಕಣ್ಣು! ಹುಟ್ಟಿದಾಗಿಂದ ಹುಳಿ ತಂಬುಳಿ ತಿಂದ ನಂಗೆ ಈ ಮಾತು ಎಲ್ಲಿ ಸಿಗ್ಬೇಕು?"

ಇನ್ನೊಂದು ಕಟ್ಟುಪಾಡಿತ್ತು. ಪ್ಲೇಟಿನ ಮೇಲೆ ಯಾರ ಹೆಸರನ್ನೂ ಬರೆಯುವಂತಿಲ್ಲ, ಬರೀ ನಂಬರು. ಯಾವ ನಂಬರು ಯಾರದ್ದೆಂಬುದು ನನ್ನ ಪುಸ್ತಕದಲ್ಲಿ, ಪುಸ್ತಕ ನನ್ನ ಡ್ರಾವರಿನಲ್ಲಿ. ಅವರು ಓದುತ್ತಿದ್ದುದು ಪ್ಲೇಟನ್ನು ಮಾತ್ರ. "ಹೆಸರು ಕಂಡ್ರೆ ಕಣ್ಣು ಮೊದ್ಲೇ ತೀರ್ಮಾನ ಮಾಡಿ ಕೂರ್ತದೆ. ಶ್ರೀಮಂತರ ಪ್ಲೇಟಿನಲ್ಲಿ ಕಳ್ಳ ಕಾಣೂದೇ ಇಲ್ಲ, ಬಡವ್ರ ಪ್ಲೇಟಿನಲ್ಲಿ ಇಲ್ದೇ ಇದ್ರೂ ಕಾಣ್ತಾನೆ" ಎನ್ನುತ್ತಿದ್ದರು.

ಇಷ್ಟು ಕಟ್ಟುನಿಟ್ಟಿನವರು ಮಧ್ಯಾಹ್ನ ಒಂದಾಯಿತೆಂದರೆ ಬೇರೆಯೇ ಮನುಷ್ಯರಾಗುತ್ತಿದ್ದರು. ಕೈಯನ್ನು ಮೊಣಕೈಯವರೆಗೆ ಎರಡು ಸಲ ಸೋಪು ಹಾಕಿ ತೊಳೆದು, ಮನೆಯಿಂದ ತಂದ ನಾಲ್ಕು ಅಂತಸ್ತಿನ ಕ್ಯಾರಿಯರ್ ಬಿಚ್ಚುತ್ತಿದ್ದರು. ಎಲ್ಲರಿಗೂ ಆಗುವಷ್ಟು ತರುವುದು ಅವರ ಹಟ. ಒಂದೆಲಗದ ತಂಬುಳಿ, ಸೌತೆಕಾಯಿ ಹಾಕಿದ ಮೊಸರಿನ ಹಸಿ, ಕೊನೆಗೆ ಸ್ಟೀಲ್ ಲೋಟದಲ್ಲಿ ಅಪ್ಪೆಹುಳಿ. ಬೇಯಿಸಿದ ಮಾವಿನ ಮಿಡಿಯನ್ನು ಕೈಯಲ್ಲಿ ಚೆನ್ನಾಗಿ ಕಿವುಚಿ, ತಣ್ಣೀರು ಬೆರೆಸಿ, ಇಂಗಿನ ಒಗ್ಗರಣೆ ಕೊಟ್ಟ ಅಪ್ಪೆಹುಳಿ. ಮೀನಿಲ್ಲದೆ ಅನ್ನ ಇಳಿಯದ ನಾನು ಅದನ್ನು ಎರಡೆರಡು ಲೋಟ ಕುಡಿಯುತ್ತಿದ್ದೆ. ಕೌಂಟರಿನ ಹುಡುಗಿ ಶಿರಾಲಿಯಿಂದ ಬರುತ್ತಿದ್ದವಳು, ಕುಡಿದು ಬಾಟಲಿಗೂ ತುಂಬಿಸಿಕೊಳ್ಳುತ್ತಿದ್ದಳು.

ಕೆಲಸಕ್ಕೆ ಸೇರಿದ ಎರಡನೇ ವರ್ಷ ನನಗೆ ಟೈಫಾಯ್ಡ್ ಬಂತು. ಇಪ್ಪತ್ತು ದಿನ ಮಲಗಿದೆ. ಮೊಣಕಾಲು ಮುಟ್ಟುತ್ತಿದ್ದ ಕೂದಲು ಮುಷ್ಟಿ ಮುಷ್ಟಿಯಾಗಿ ಉದುರಿತು. ಅಕ್ಕೋರು ಹೊನ್ನಾವರದ ನಮ್ಮ ಮನೆಗೆ ದಿನ ಬಿಟ್ಟು ದಿನ ಬಂದರು. ಮೀನಿನ ಬುಟ್ಟಿಯ ಪಕ್ಕದಲ್ಲೇ ಮಣೆ ಹಾಕಿ ಕೂತು ನನಗೆ ಗಂಜಿ ಉಣಿಸಿದರು, ಬಾಯಿ ರುಚಿಗೆಂದು ಜೊತೆಗೆ ಅಪ್ಪೆಹುಳಿ. ಆಯಿಗೆ ನಂಬಲಿಕ್ಕೇ ಆಗಲಿಲ್ಲ. "ಹೆತ್ತವಳು ನಾನಾ ಅವ್ರಾ?" ಎಂದು ಕಣ್ಣು ಒರೆಸಿಕೊಂಡಳು. ನಾನು ಎದ್ದು ಓಡಾಡುವಷ್ಟರಲ್ಲಿ ಕೌಂಟರಿನ ಹುಡುಗಿ ಮಲಗಿದಳು. ಮುಂದಿನ ಮಳೆಗಾಲದಲ್ಲಿ ಡಾಕ್ಟರ ಕಾರಿನ ಡ್ರೈವರ್.

ಅಕ್ಕೋರಿಗೆ ಕೆಂಡದಂಥ ಸಿಟ್ಟು ಬಂತು. "ಜ್ವರ ಕಂಡು ಹಿಡಿಯೂ ಜಾಗದಲ್ಲೇ ಜ್ವರ ಅಂದ್ರೆ ಎಂತ ಅರ್ಥ? ಇಲ್ಲೇ ಎಲ್ಲೋ ಇದ್ದಾನೆ ಕಳ್ಳ" ಎಂದರು. ಆ ಸಿಟ್ಟಿನ ಬೇರು ಹಳೆಯದು. ಹನ್ನೆರಡು ವರ್ಷದ ಹಿಂದೆ ಅವರ ಅಕ್ಕನ ಮಗಳು ಕಾಲೇಜಿಗೆಂದು ಬಂದು ಇವರ ಮನೆಯಲ್ಲೇ ಇದ್ದಳು. ಅವಳಿಗೂ ಟೈಫಾಯ್ಡ್ ಆಯಿತು. ಕರುಳು ತೂತಾಗಿ, ಮಂಗಳೂರಿಗೆ ಒಯ್ಯುವಷ್ಟರಲ್ಲಿ ಹೋಗಿಬಿಟ್ಟಳು. ಕಾಲೇಜಿನ ಎದುರು ಹಳದೀಪುರದವನೊಬ್ಬ ಗಾಡಿ ಇಟ್ಟುಕೊಂಡು ಮುರುಗಲ ಶರಬತ್ತು ಮಾರುತ್ತಿದ್ದ. ಹುಡುಗಿ ಅಲ್ಲಿ ಕುಡಿಯುತ್ತಿದ್ದಳಂತೆ. ಅಕ್ಕೋರು ಅವನ ಐಸು ತಂದು ಪರೀಕ್ಷೆ ಮಾಡಿ, ಮಲದ ಬ್ಯಾಕ್ಟೀರಿಯಾ ಸಿಕ್ಕಿದೆ ಎಂದು ಬರೆದುಕೊಟ್ಟು ಗಾಡಿಯನ್ನು ಎತ್ತಿಸಿದ್ದರು. "ನಾನೇ ಎತ್ತಿಸ್ದೆ ಅವನ ಗಾಡಿ" ಎಂದು ನಮಗೆ ಹೇಳುವಾಗ ಅವರ ದವಡೆ ಬಿಗಿಯಾಗುತ್ತಿತ್ತು.

ಈಗಲೂ ಹಾಗೆಯೇ ಬೇಟೆ ಶುರುವಾಯಿತು. ಬಾವಿಯ ನೀರು, ಟ್ಯಾಂಕಿನ ನೀರು, ಕೆಳಗಿನ ಹೋಟೆಲಿನ ಚಟ್ನಿ ಎಲ್ಲ ನೋಡಿದೆವು. ಏನೂ ಇಲ್ಲ. ಕಡೆಗೆ ಅಕ್ಕೋರು ಹೇಳಿದರು: ಜ್ವರ ಬಂದು ಹೋದ ಮೇಲೂ ಕೆಲವರ ಪಿತ್ತಕೋಶದಲ್ಲಿ ಅದು ವರ್ಷಗಟ್ಟಲೆ ಮನೆ ಮಾಡಿಕೊಂಡಿರುತ್ತದೆ; ಅವರಿಗೆ ಏನೂ ಆಗುವುದಿಲ್ಲ, ಅವರ ಕೈಯಲ್ಲಿ ತಿಂದವರಿಗೆ ಆಗುತ್ತದೆ. ಹಾಗಾಗಿ ಕಟ್ಟಡದಲ್ಲಿ ಓಡಾಡುವವರೆಲ್ಲರ ಮಲ ಪರೀಕ್ಷೆಯಾಗಬೇಕು. ಡಬ್ಬಿ ಹಂಚುವ ಕೆಲಸ ನನಗೆ ಬಿತ್ತು. ಬೈಸಿಕೊಂಡದ್ದು ಅಷ್ಟಿಷ್ಟಲ್ಲ. ಚಹದಂಗಡಿಯವನು "ನಿಮ್ಗೆ ಬೇರೆ ಕೆಲಸ ಇಲ್ವಾ?" ಎಂದು ಡಬ್ಬಿಯನ್ನು ರಸ್ತೆಗೆ ಎಸೆದ. ಅಂತೂ ಅವನದ್ದೂ ಸೇರಿ ಹನ್ನೊಂದು ಡಬ್ಬಿ ಬಂದವು.

"ನಿಮ್ದು ಅಕ್ಕೋರೆ?" ಎಂದೆ. ಸುಮ್ಮನೆ ಕೇಳಿದ್ದು, ನನ್ನಾಣೆ.

"ನಂದು ನೋಡಿ ಆಗದೆ. ಕಾಲೇಜಿನಲ್ಲಿ ಕೆಲಸಕ್ಕೆ ಸೇರಿದ ವರ್ಷವೇ ನೋಡಿದ್ದೆ, ಎಂತ ಇರಲಿಲ್ಲ."

"ಅದು ಯಾವ ಕಾಲ! ಮೊದಲು ನಿನ್ನದು ಅಂತ ನಂಗೆ ಹೇಳಿ ಬಸ್ಸಿನಲ್ಲಿ ಡಬ್ಬಿ ಹೊರ್ಸಿದ್ರಿ. ನಿಮ್ಗೆ ಬೇರೆ ಕಾನೂನಾ?"

"ನಿನ್ನ ಬಾಯಿಯೇ! ಆತು, ತಕಾ. ಹನ್ನೊಂದಕ್ಕೆ ಹನ್ನೆರಡಾಗ್ಲಿ" ಎಂದು ನಕ್ಕು ಮರುದಿನ ತಂದುಕೊಟ್ಟರು. ನಾನು ಡಬ್ಬಿಗಳನ್ನು ಹಿಂದೆ ಮುಂದೆ ಮಾಡಿ ನಂಬರು ಹಚ್ಚಿ ಪುಸ್ತಕದಲ್ಲಿ ಬರೆದೆ.

ಕೆಂಪು ಅಗರಿನ ಪ್ಲೇಟುಗಳನ್ನು ಓದುವ ದಿನ ಅಕ್ಕೋರು ಕಿಟಕಿಯ ಬೆಳಕಿಗೆ ಒಂದೊಂದೇ ಹಿಡಿದು, "ಒಂದು ಇಲ್ಲ, ಎರಡು ಇಲ್ಲ" ಎನ್ನುತ್ತಿದ್ದರು. ಆರು ಮುಗಿಸಿ ಏಳನೆಯದನ್ನು ಎತ್ತಿದರು. ಆಮೇಲೆ ಕೂಗಿದ್ದು ಕೆಳಗಿನ ಔಷಧಿ ಅಂಗಡಿಗೂ ಕೇಳಿರಬೇಕು.

"ತಂಗೀ! ಬಾರೆ ಬೇಗ! ಸಿಕ್ದ ಕಳ್ಳ! ನೋಡು ನಿನ್ನ ಮೀನಿನ ಕಣ್ಣು!"

ಹೌದು. ಹಳದಿ ಕಾಲನಿಗಳ ನಡುವೆ ಏಳೆಂಟು ಕೆಂಪು ಕಾಲನಿ, ನಡುವೆ ಪುಟ್ಟ ಕಪ್ಪು ಬೊಟ್ಟು. ಅಕ್ಕೋರು ಚಿಕ್ಕ ಹುಡುಗಿಯ ಹಾಗೆ ನನ್ನ ಭುಜ ಹಿಡಿದು ಕುಲುಕಿದರು. ನನಗೂ ಖುಷಿಯೇ. ಏಳು ಯಾರದ್ದೆಂದು ನಿಜವಾಗಿಯೂ ನನಗೆ ನೆನಪಿರಲಿಲ್ಲ. ಚಹದಂಗಡಿಯವನದ್ದೇ ಇರಬೇಕು, ಡಬ್ಬಿ ಎಸೆದದ್ದಕ್ಕೆ ಸರಿಯಾಯಿತು ಎಂದುಕೊಳ್ಳುತ್ತ ಹೋಗಿ ಡ್ರಾವರ್ ಎಳೆದು ಪುಸ್ತಕ ತೆರೆದೆ.

ಅಯ್ಯೋ ದೇವರೇ. ನನ್ನದೇ ಅಕ್ಷರ. ಏಳು, ಅಕ್ಕೋರು. ಮೂರು ಸಲ ಓದಿದೆ, ಬೆರಳಿಟ್ಟು ಓದಿದೆ.

"ಯಾರನೇ ಅದು?" ಒಳಗಿನಿಂದ ಕೇಳಿದರು.

"ಈಗ ಹೇಳೂದಿಲ್ಲ. ಎಲ್ಲ ಪರೀಕ್ಷೆ ಮುಗೀಲಿ" ಎಂದೆ.

"ಹೌದು, ಅದೇ ಸರಿ. ಎಲ್ಲ ಮುಗಿದ ಮೇಲೇ ಹೆಸರು. ಕಲಿತೆ ನೋಡು ನೀನು" ಎಂದು ಹೊಗಳಿದರು. ಆ ಹೊಗಳಿಕೆ ನನ್ನನ್ನು ಕೊಂದಿತು.

ಮುಂದಿನ ಎರಡು ದಿನ ಪರೀಕ್ಷೆ ನಡೆಯುತ್ತಿದ್ದಾಗ ನಾನು ಪಟ್ಟ ಪಾಡು ನನ್ನ ವೈರಿಗೂ ಬೇಡ. ಪ್ಲೇಟು ಬೀಳಿಸಿ ಒಡೆದುಬಿಡಲೇ, ನಂಬರು ತಿದ್ದಿಬಿಡಲೇ ಎಂದೆಲ್ಲ ಯೋಚನೆ ಬಂತು. ಸುಳ್ಳಾಗಲಿ ಎಂದು ಕಂಡ ದೇವರಿಗೆಲ್ಲ ಹರಕೆ ಹೊತ್ತೆ. ಸಿಟ್ಟೂ ಬಂತು, ಅದನ್ನು ಮುಚ್ಚಿಡುವುದಿಲ್ಲ. ಕನ್ನಡಿಯ ಮುಂದೆ ನಿಂತು ನನ್ನ ಮೋಟು ಜಡೆ ನೋಡಿ, ಇವರೇ ತಾನೇ, ಇವರ ಆ ಲೋಟವೇ ತಾನೇ ಎಂದು ಅತ್ತೆ. ಮೊದಲ ದಿನ ಮಧ್ಯಾಹ್ನ ಅವರು ಕ್ಯಾರಿಯರ್ ಬಿಚ್ಚಿದಾಗ ಕೈ ತಪ್ಪಿದಂತೆ ಮಾಡಿ ಎಲ್ಲವನ್ನೂ ನೆಲಕ್ಕೆ ಚೆಲ್ಲಿದೆ. "ನಿನ್ನ ಕೈಗೆ ಎಂತ ಬಡಿದದೆ ಇವತ್ತು?" ಎಂದು ಬೈದರು. ಮರುದಿನ, ನಿನ್ನೆ ಯಾರಿಗೂ ಸಿಗಲಿಲ್ಲವೆಂದು ದುಪ್ಪಟ್ಟು ಅಪ್ಪೆಹುಳಿ ಮಾಡಿ ತಂದರು.

ಆ ದಿನವೇ ಕೊನೆಯ ಪರೀಕ್ಷೆ. ಗಾಜಿನ ಪಟ್ಟಿಯ ಮೇಲೆ ಒಂದು ಹನಿ ಔಷಧಿಯಲ್ಲಿ ಕಾಲನಿಯನ್ನು ಕದಡಿದರೆ, ಟೈಫಾಯ್ಡಿನದ್ದೇ ಆದರೆ ಒಡೆದ ಹಾಲಿನಂತೆ ಗಂಟು ಗಂಟಾಗಬೇಕು. ಅಕ್ಕೋರು ಗಾಜನ್ನು ಆಚೆ ಈಚೆ ವಾಲಿಸಿದರು. ಗಂಟು ಕಟ್ಟಿತು.

"ಆತು! ಇನ್ನು ಸಂಶಯ ಇಲ್ಲ. ಈಗ ಹೇಳು ತಂಗಿ, ಏಳು ಯಾರು? ಇವತ್ತಿಂದ್ಲೇ ಅವರ ಕೈಯಲ್ಲಿ ಯಾರೂ ಊಟ ಮಾಡೂಕಾಗ. ಒಂದು ತುತ್ತೂ ಆಗ."

ಹೊರಗಿನ ಕೋಣೆಯಲ್ಲಿ ಲೋಟಗಳ ಸದ್ದು ಕೇಳಿತು. ಹಸಿವೆಗೆ ತಾಳಲಾರದೆ ಕೌಂಟರಿನ ಹುಡುಗಿ ಆಗಲೇ ಕ್ಯಾರಿಯರ್ ಬಿಚ್ಚಿ ಬಡಿಸುತ್ತಿದ್ದಳು. ನಾನು ಓಡಿದೆ. ಕಸ ಗುಡಿಸುವವಳು ಲೋಟವನ್ನು ತುಟಿಗೆ ತಂದಿದ್ದಳು. "ಕುಡಿಬೇಡಾ!" ಎಂದು ಚೀರಿ ಕಸಿದುಕೊಂಡೆ. ಅವಳ ಸೀರೆಯ ಮೇಲೆಲ್ಲ ಚೆಲ್ಲಿತು. ಎಲ್ಲರೂ ಬಾಯಿ ಬಿಟ್ಟು ನನ್ನನ್ನೇ ನೋಡಿದರು. ತಿರುಗಿ ನೋಡಿದರೆ ಒಳಗಿನ ಬಾಗಿಲಲ್ಲಿ ಅಕ್ಕೋರು, ಕೈಯಲ್ಲಿ ಇನ್ನೂ ಆ ಗಾಜಿನ ಪಟ್ಟಿ.

ಪುಸ್ತಕ ತಂದು ಅವರ ಮುಂದೆ ತೆರೆದು ಹಿಡಿದೆ.

ಅವರು ಕನ್ನಡಕವನ್ನು ಮೂಗಿನ ಮೇಲೆ ಸರಿಪಡಿಸಿಕೊಂಡು ಓದಿದರು. ಲ್ಯಾಬಿನಲ್ಲಿ ಯಾವತ್ತೂ ತಮ್ಮ ಮನೆಮಾತು ಆಡದವರು, ಆಗ ಆಡಿದರು. "ಯಂದೇ ಆತಲೇ ಇದು." ಅಷ್ಟೇ. ನನ್ನದೇ ಆಯಿತಲ್ಲ ಇದು, ಎಂದು. ಅಳಲಿಲ್ಲ, ಕೂಗಲಿಲ್ಲ.

ಆಮೇಲೆ ಗಾಜಿನ ಪಟ್ಟಿಯನ್ನು ಔಷಧಿ ನೀರಿಗೆ ಹಾಕಿ, ಕೈ ತೊಳೆದು, ಹೊರಗೆ ಬಂದು ಲೋಟಗಳನ್ನು, ಕ್ಯಾರಿಯರಿನ ನಾಲ್ಕೂ ಡಬ್ಬಿಗಳನ್ನು ತಾವೇ ಒಳಗೆ ಒಯ್ದರು. ಪ್ಲೇಟುಗಳನ್ನು ಹಬೆಯಲ್ಲಿ ಬೇಯಿಸಿ ಕೊಲ್ಲುವ ಅಟೋಕ್ಲೇವ್ ಇದೆಯಲ್ಲ, ಅದರೊಳಗೆ ಅನ್ನ, ತಂಬುಳಿ, ಅಪ್ಪೆಹುಳಿ ಎಲ್ಲವನ್ನೂ ಇಟ್ಟು ಮುಚ್ಚಳ ತಿರುಗಿಸಿದರು. "ಎಲ್ಲರೂ ಹೋಟೆಲಿಗೆ ಹೋಗಿ ಉಂಡು ಬನ್ನಿ" ಎಂದರು. ಯಾರೂ ಹೋಗಲಿಲ್ಲ. ಲ್ಯಾಬಿನ ತುಂಬ ಬೆಂದ ಮಾವಿನ, ಇಂಗಿನ ವಾಸನೆ ಹರಡಿತು. ಡಾಕ್ಟರು ಬಂದು ವಿಷಯ ಕೇಳಿ ಪುಸ್ತಕವನ್ನು ತಾವೇ ಓದಿ ನೋಡಿದರು.

ಸಂಜೆ ಎಲ್ಲರೂ ಹೋದ ಮೇಲೆ ನನ್ನನ್ನು ಕೂರಿಸಿಕೊಂಡು ಅವರೇ ಮಾತಾಡಿದರು. ಹದಿನೆಂಟರಲ್ಲಿ ತಮಗೂ ಈ ಜ್ವರ ಬಂದಿತ್ತು. ಅದು ಎಲ್ಲ ದಿನ ಮಲದಲ್ಲಿ ಕಾಣಿಸಿಕೊಳ್ಳುವುದಿಲ್ಲ, ಕಾಲೇಜಿನ ಆ ಒಂದು ಪರೀಕ್ಷೆಯಲ್ಲಿ ಸಿಗದೆ ಹೋಗಿತ್ತು. ಬಲಪಕ್ಕೆಯಲ್ಲಿ ಆಗಾಗ ಹಿಡಿದುಕೊಳ್ಳುವ ನೋವನ್ನು ವಾಯು ಎಂದು ಕಷಾಯ ಕುಡಿದೇ ಕಳೆದಿದ್ದರು. "ಇಲ್ಲಿ ಇಪ್ಪತ್ತು ಸಲ ಸೋಪು ಹಾಕ್ತೆ. ಮನೆ ಅಡುಗೆ ಕೋಣೆಗೆ ಸೋಪು ಒಯ್ಯೂಕಾಗ ಅಂತ ನಮ್ಮಜ್ಜಿ ಕಲ್ಸಿದ್ದು. ಮಿಂದ ಕೈ ಶುದ್ಧ. ಬರೀ ನೀರಲ್ಲಿ ತೊಳ್ದು ಮಾವಿನಮಿಡಿ ಕಿವುಚ್ತಿದ್ದೆ. ಇಲ್ಲಿ ಇನ್ನೊಬ್ರ ಹೊಲಸು ತಂಗಿ, ಅಲ್ಲಿ ನನ್ನದೇ ಕೈಯಲ್ದಾ ಅಂತ."

ಅಷ್ಟು ಸವೆದ ಆ ಬೆರಳುಗಳು!

"ನನ್ನ ಕೂದ್ಲು ಹೋತು ಅಕ್ಕೋರೆ" ಎಂದುಬಿಟ್ಟೆ. ಎಂಥ ಮಾತಾಡಿದೆ ಎಂದು ಇಂದಿಗೂ ನಾಚಿಕೆಯಾಗುತ್ತದೆ.

"ಹೌದು. ನಿಂಗೆ ಕೂದ್ಲು ಹೋತು. ಅವಳಿಗೆ ಜೀವ ಹೋತು." ಅಕ್ಕನ ಮಗಳನ್ನು ಕುರಿತ ಮಾತು ಅದು. "ಅದೂ ನನ್ನಿಂದ್ಲೇ ಹೌದೋ ಅಲ್ದೋ, ಈಗ ಯಾವ ಪ್ಲೇಟೂ ಹೇಳೂದಿಲ್ಲ. ಆದ್ರೆ ಶರಬತ್ತಿನವನದ್ದು ಹೇಳ್ತೆ ಕೇಳು. ಅವನ ಐಸಿನಲ್ಲಿ ಟೈಫಾಯ್ಡ್ ಸಿಕ್ಕಿರಲಿಲ್ಲ. ಗುಲಾಬಿ ಕಾಲನಿ ಮಾತ್ರ, ಬರೀ ಇ-ಕೋಲೈ. ಕೊಳಕು ನೀರು ಅಂತ ಬರೀಬಹುದಿತ್ತು, ಗಾಡಿ ತೊಳಿ ಅನ್ನಬಹುದಿತ್ತು. ಆದ್ರೆ ನಾನು ಕೂಸು ಸತ್ತದ್ದಕ್ಕೆ ಇದೇ ಕಾರಣ ಅನ್ನೂ ಹಾಂಗೆ ಬರ್ದೆ. ಮನೆಯವ್ರನ್ನ ತೋರ್ಸಿ ಕಳ್ಳ ಅಂದೆ. ಗೊತ್ತಿದ್ದೇ ಅಂದೆ."

ಆ ರೋಗಕ್ಕಿಂತ ಈ ಮಾತೇ ನನ್ನನ್ನು ಹೆಚ್ಚು ನಡುಗಿಸಿತು. ಹೆಸರಿಲ್ಲದೆ ಓದು ಎಂದು ಕಲಿಸಿದವರು ಹೆಸರು ನೋಡಿಯೇ ಓದಿದ್ದರು, ಒಂದೇ ಒಂದು ಸಲ.

ಮರುದಿನ ನನ್ನೆದುರೇ ಅಕ್ಕನಿಗೆ ಫೋನು ಮಾಡಿದರು. "ಅಕ್ಕಾ, ಯನ್ನಿಂದ್ಲೇ ಆಗಿಕ್ಕು ಕಾಣ್ತು" ಎಂದರು, ನನ್ನಿಂದಲೇ ಆಗಿರಬೇಕು ಎಂದು. ಎಲ್ಲ ಹೇಳಿದರು. ಆ ಕಡೆಯಿಂದ ಫೋನು ಕಟ್ಟಾಯಿತು. ಅಕ್ಕ ಮತ್ತೆ ಫೋನು ಎತ್ತಲಿಲ್ಲ.

ಆ ಭಾನುವಾರ ಇಬ್ಬರೂ ಬಸ್ಸಿನಲ್ಲಿ ಹಳದೀಪುರಕ್ಕೆ ಹೋದೆವು. ಶರಬತ್ತಿನವನು ಗಾಡಿ ಹೋದ ಮೇಲೆ ತೆಂಗಿನಕಾಯಿ ಸುಲಿಯುವ ಕೂಲಿಗೆ ಹೋಗುತ್ತಿದ್ದ. ಅಕ್ಕೋರನ್ನು ನೋಡಿದ್ದೇ ಗುರುತು ಹಿಡಿದು ಕೈಯ ಕತ್ತಿ ಬದಿಗಿಟ್ಟ. ಅಕ್ಕೋರು ಅಂಗಳದಲ್ಲೇ ನಿಂತು ಸುತ್ತು ಬಳಸದೆ ಎಲ್ಲ ಹೇಳಿ ಕೈ ಮುಗಿದರು. ಅವನ ಹೆಂಡತಿ ಒಳಗಿನಿಂದ ಬಂದು ಬಾಯಿಗೆ ಬಂದಂತೆ ಬೈದಳು. ಮಕ್ಕಳು ಶಾಲೆಯಲ್ಲಿ ಕೊಲೆಗಾರನ ಮಕ್ಕಳೆನಿಸಿಕೊಂಡದ್ದನ್ನು ಹೇಳಿ ಬೈದಳು. ಅಕ್ಕೋರು ತಲೆ ತಗ್ಗಿಸಿ ಕೇಳಿದರು. ಕೊನೆಗೆ ಅವನು ಹೇಳಿದ:

"ಬಾಯಲ್ಲಿ ಹೇಳೂದು ಬ್ಯಾಡ ಅಕ್ಕೋರೆ. ಅವತ್ತು ಬರ್ದು ಕೊಟ್ರಲ್ಲ, ಇವತ್ತೂ ಬರ್ದು ಕೊಡಿ."

ಬರೆದುಕೊಟ್ಟರು. ರಿಪೋರ್ಟು ಬರೆಯುವ ಅದೇ ದುಂಡು ಅಕ್ಷರದಲ್ಲಿ: ನಿಮ್ಮ ಐಸಿನಲ್ಲಿ ಸಿಕ್ಕಿದ್ದು ಜ್ವರದ ಬ್ಯಾಕ್ಟೀರಿಯಾ ಅಲ್ಲ. ಅದು ನನಗೆ ಆಗಲೇ ಗೊತ್ತಿತ್ತು. ಜ್ವರದ ಬ್ಯಾಕ್ಟೀರಿಯಾ ಇದ್ದದ್ದು ನನ್ನಲ್ಲಿ. ಕೆಳಗೆ ಸಹಿ. ಪಂಚಾಯ್ತಿ ಆಫೀಸಿಗೂ ಅವನ ಜೊತೆ ಮೂರು ಸಲ ಅಲೆದು ಲೈಸೆನ್ಸ್ ಕೊಡಿಸಿದರು. ಅವನು ಹೊಸ ಗಾಡಿ ಮಾಡಿ ಹೆದ್ದಾರಿಯ ಬದಿ ನಿಲ್ಲಿಸಿದ. ಬಸ್ಸಿನಲ್ಲಿ ಹೋಗುವಾಗ ನೋಡಿದೆ: ಆ ಕಾಗದಕ್ಕೆ ಪ್ಲಾಸ್ಟಿಕ್ ಹಾಕಿಸಿ ಗಾಡಿಯ ಮುಂದೆಯೇ ತೂಗುಹಾಕಿದ್ದಾನೆ! ನನಗೆ ಮೈ ಉರಿಯಿತು. ಹೋಗಿ ಅಕ್ಕೋರಿಗೆ ಹೇಳಿದೆ. "ನೇತಾಡ್ಲಿ. ಅದಕ್ಕೇ ಕೊಟ್ಟದ್ದು" ಎಂದರು.

ಅಕ್ಕೋರು ಮಂಗಳೂರಿನಲ್ಲಿ ಪಿತ್ತಕೋಶ ತೆಗೆಸಿಕೊಂಡು ಬಂದರು. ತಿಂಗಳಿಗೊಂದರಂತೆ ಮೂರು ಸಲ ಪರೀಕ್ಷೆ, ಮೂರೂ ಸಲ ಪ್ಲೇಟು ಚೊಕ್ಕವಿದ್ದರೆ ಮಾತ್ರ ಬಿಡುಗಡೆ ಎಂದು ಡಾಕ್ಟರು ಹೇಳಿದರು. ಅಲ್ಲಿಯವರೆಗೆ ಅಕ್ಕೋರು ಯಾರಿಗೂ ಒಂದು ಲೋಟ ನೀರನ್ನೂ ಕೈಯಾರೆ ಕೊಡಲಿಲ್ಲ. ಮಧ್ಯಾಹ್ನ ಮೂಲೆಯಲ್ಲಿ ಒಬ್ಬರೇ ಕೂತು ತಮ್ಮ ಡಬ್ಬಿ ಉಂಡು ತಟ್ಟೆಯನ್ನೂ ಬೇರೆ ತೊಳೆಯುತ್ತಿದ್ದರು. ನೋಡಲಾಗುತ್ತಿರಲಿಲ್ಲ. ನಂಬರು ಅದ್ಯಾಕೋ ಏಳೇ ಇರಲಿ ಎಂದಿದ್ದರು. ಮೊದಲ ಪ್ಲೇಟು ಚೊಕ್ಕ. ಎರಡನೆಯದೂ ಚೊಕ್ಕ. "ಮೂರನೇದೂ ಆತು ಅಂದ್ರೆ ಮೊದ್ಲು ನಿಂಗೆ ಅಪ್ಪೆಹುಳಿ. ಸೋಪು ಹಾಕಿ ತೊಳೆದ ಕೈಯದು. ಕುಡಿತ್ಯಾ?" ಎಂದು ಕೇಳಿದರು. ಕೇಳುವಾಗ ನನ್ನ ಮುಖ ನೋಡಲಿಲ್ಲ. "ಎರಡು ಲೋಟ" ಎಂದೆ.

ಸೋಮವಾರ ಮೂರನೆಯ ಡಬ್ಬಿ ಕೊಟ್ಟರು. ಮಂಗಳವಾರ ಬೆಳಿಗ್ಗೆ ನಾನು ಅದನ್ನು ಕೆಂಪು ಅಗರಿಗೆ ಹಚ್ಚಿ ಇನ್‌ಕ್ಯುಬೇಟರಿನೊಳಗೆ ಇಟ್ಟು ಬಾಗಿಲು ಮುಚ್ಚಿದೆ, ಫೋನು ಬಂತು. ಮನೆಯಿಂದ ಹೊರಟವರು ರಸ್ತೆಯಲ್ಲೇ ಎದೆ ಹಿಡಿದುಕೊಂಡು ಕೂತರಂತೆ, ಹಾಗೇ ಹೋದರಂತೆ. ಹೋದರು ಅಂದರೆ? ನಿನ್ನೆ ಸಂಜೆ ಬೈದು ಹೋದವರು! ಓಡಿದೆ. ಮಲಗಿಸಿದ್ದರು. ಸಂಜೆಯೊಳಗೆ ಅವರ ಅಕ್ಕ ಬಂದರು. ಪಕ್ಕದಲ್ಲಿ ಕೂತು ಆ ಗೆರೆಯಿಲ್ಲದ ಬೆರಳುಗಳನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು. ಎತ್ತುವವರು ಬಂದು ಬಿಡಿಸುವವರೆಗೂ ಬಿಡಲಿಲ್ಲ.

ಬುಧವಾರ ಲ್ಯಾಬಿಗೆ ಹೋದೆ. ಇನ್‌ಕ್ಯುಬೇಟರಿನಲ್ಲಿ ಏಳನೇ ನಂಬರಿನ ಪ್ಲೇಟು ಬೆಚ್ಚಗೆ ಕಾಯುತ್ತಿತ್ತು. ಕಿಟಕಿಯ ಬೆಳಕಿಗೆ ಹಿಡಿದೆ. ಬರೀ ಹಳದಿ. ಒಂದೂ ಕಪ್ಪು ಬೊಟ್ಟಿಲ್ಲ. ಚೊಕ್ಕ ಪ್ಲೇಟು.

ಆಗ ಹೊಳೆಯಿತು. ಅಕ್ಕೋರು ಬೂದಿಯಾಗಿದ್ದರು. ಅವರ ಹೊಟ್ಟೆಯ ಮನೆಯವರು ಮಾತ್ರ ನನ್ನ ಅಂಗೈ ಮೇಲೆ ಇನ್ನೂ ಬದುಕಿದ್ದರು, ರಾತ್ರಿಯಿಡೀ ಬೆಳೆದಿದ್ದರು. ಓದಿದ ಪ್ಲೇಟನ್ನು ಅಂದೇ ಅಟೋಕ್ಲೇವಿಗೆ ಹಾಕಬೇಕು, ಅದು ಅವರೇ ಮಾಡಿದ ಕಾನೂನು. ಆಗಲಿಲ್ಲ ನನ್ನ ಕೈಯಲ್ಲಿ. ಎಲ್ಲರೂ ಊಟಕ್ಕೆ ಹೋದ ಮೇಲೆ ಪ್ಲೇಟು ಎದುರಿಗಿಟ್ಟುಕೊಂಡು ಗೊಳೋ ಎಂದು ಅತ್ತೆ. ಆಮೇಲೆ ಪುಸ್ತಕದಲ್ಲಿ ಏಳರ ಮುಂದೆ "ಇಲ್ಲ" ಎಂದು ಬರೆದು, ಪ್ಲೇಟನ್ನು ಒಳಗಿಟ್ಟು, ಮುಚ್ಚಳ ತಿರುಗಿಸಿದೆ.

ಸಂಜೆ ಹಳದೀಪುರದಲ್ಲಿ ಬಸ್ಸಿಳಿದೆ. ಆ ಕಾಗದ ಗಾಡಿಯ ಮೇಲಿರಲಿಲ್ಲ. ನಾನು ಕೇಳುವ ಮೊದಲೇ ಶರಬತ್ತಿನವನು ಗಲ್ಲಾಪೆಟ್ಟಿಗೆಯ ಕೆಳಗಿನಿಂದ ಅದನ್ನು ತೆಗೆದು ಒರೆಸಿ ನನ್ನ ಕೈಗಿಟ್ಟ.

"ಸುದ್ದಿ ಕೇಳ್ದೆ. ನಿನ್ನೆಯೇ ಬಿಚ್ಚಿದೆ. ಸತ್ತವ್ರ ತಪ್ಪು ಗಾಡಿಗೆ ಕಟ್ಕಂಡು ತಿರುಗೂದು ಚಂದ ಅಲ್ಲ ತಂಗಿ. ನೀನೇ ಇಟ್ಕ."

"ಮೂರನೇ ಪ್ಲೇಟು ಚೊಕ್ಕ ಬಂತು" ಎಂದೆ. ಅವನಿಗೆ ಅರ್ಥವಾಯಿತೋ ಇಲ್ಲವೋ, ಒಂದು ಲೋಟ ಶರಬತ್ತು ಮಾಡಿ ಮುಂದಿಟ್ಟ. ಕುಡಿದೆ.

ಆ ಕಾಗದ ಈಗ ನಮ್ಮ ಒಳಕೋಣೆಯ ಗೋಡೆಯ ಮೇಲಿದೆ, ಇನ್‌ಕ್ಯುಬೇಟರಿನ ಪಕ್ಕದಲ್ಲಿ. ತೆಗೆಯಿರಿ, ಅವರ ಮರ್ಯಾದೆಯ ಪ್ರಶ್ನೆ ಎಂದು ಡಾಕ್ಟರು ಎರಡು ಸಲ ಹೇಳಿದರು. ನಾನು ತೆಗೆದಿಲ್ಲ. ಅದು ಅವರು ಬರೆದ ಅತ್ಯಂತ ಸರಿಯಾದ ರಿಪೋರ್ಟು. ಕೆಲಸಕ್ಕೆ ಹೊಸಬರು ಬಂದರೆ ಮೊದಲು ಅದನ್ನು ಓದಿಸುತ್ತೇನೆ. ಆಮೇಲೆ ಎರಡು ಡಬ್ಬಿ ತರುತ್ತೇನೆ. ಒಂದು ಅವರಿಗೆ, ಒಂದು ನನಗೆ.